ಸೈಕೋಸಿಸ್: ಹಾಸ್ಟೆಲ್ ರೂಮಿನಲ್ಲಿ ಕಳೆದುಹೋಗುವ ತಿಂಗಳುಗಳು

ಡಿಗ್ರಿ ಎರಡನೇ ವರ್ಷದಲ್ಲಿ ನನ್ನ ರೂಮ್‌ಮೇಟ್ ರಾತ್ರಿ ಮಲಗೋದನ್ನೇ ಬಿಟ್ಟ. ಪರೀಕ್ಷೆ ಟೆನ್ಷನ್ ಅಂದುಕೊಂಡೆವು. ಆಮೇಲೆ ಸ್ನಾನ ಬಿಟ್ಟ, ಮೆಸ್ಸಿಗೆ ಬರೋದು ಬಿಟ್ಟ. ಕಾರಿಡಾರ್‌ನಲ್ಲಿ ಯಾರಾದರೂ ನಕ್ಕರೆ, 'ನನ್ನ ಬಗ್ಗೇನೇ ತಾನೇ ನಗ್ತಿರೋದು?' ಅಂತ ಕೇಳುತ್ತಿದ್ದ. ಲವ್ ಫೇಲ್ಯೂರ್ ಅಂತ ನಾವೇ ತೀರ್ಪು ಕೊಟ್ಟು ಸುಮ್ಮನಾದೆವು. ಕಾಲೇಜಿನಿಂದ ಅವನಿಗೆ ಬಂದದ್ದು ಒಂದೇ ಕಾಗದ, ಹಾಜರಾತಿ ಕೊರತೆಯ ನೋಟಿಸ್. ಅಪ್ಪ ಬಂದು ಊರಿಗೆ ಕರೆದುಕೊಂಡು ಹೋದರು. ಹರಕೆ, ತಾಯತ ಎಲ್ಲ ಮುಗಿದು ಮನೋವೈದ್ಯರ ಎದುರು ಕೂರುವ ಹೊತ್ತಿಗೆ ಹತ್ತಿರತ್ತಿರ ಒಂದು ವರ್ಷ ಆಗಿತ್ತು. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಇಲ್ಲದ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬಂಥ ನಂಬಿಕೆ ಅಲುಗಾಡದಂತೆ ಕೂತುಬಿಡುವುದು, ಮಾತಿನ ಎಳೆ ತಪ್ಪುವುದು: ವಾಸ್ತವದ ಜೊತೆಗಿನ ನಂಟು ಹೀಗೆ ಸಡಿಲವಾಗುವ ಸ್ಥಿತಿಯೇ ಸೈಕೋಸಿಸ್. ಇದು ಹೆಚ್ಚಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಇಪ್ಪತ್ತೈದರ ಆಸುಪಾಸಿನವರೆಗೆ, ಅಂದರೆ ಕಾಲೇಜಿನ ವಯಸ್ಸಿನಲ್ಲೇ. ಲಕ್ಷಣ ಸ್ಪಷ್ಟವಾದ ದಿನದಿಂದ ಚಿಕಿತ್ಸೆ ಸಿಗುವವರೆಗಿನ ಕಾಲವನ್ನು ವೈದ್ಯರು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟ.

ಈ ಕಾಲ ಉದ್ದವಾಗೋದಕ್ಕೆ ಮನೆಯವರ ಮೂಢನಂಬಿಕೆಯೇ ಕಾರಣ ಅಂದುಬಿಡುವುದು ಸುಲಭ. ನಾರ್ವೆಯ ಅನುಭವ ಬೇರೆ ಹೇಳುತ್ತದೆ. 1997ರಿಂದ 2000ದವರೆಗೆ ಅಲ್ಲಿನ ರೋಗಾಲ್ಯಾಂಡ್ ಪ್ರಾಂತ್ಯದಲ್ಲಿ ಪತ್ರಿಕೆ, ರೇಡಿಯೋ, ಸಿನಿಮಾ ಮಂದಿರಗಳಲ್ಲಿ ಪ್ರಚಾರ ಮಾಡಿದರು. ಶಿಕ್ಷಕರಿಗೆ, ಸ್ಥಳೀಯ ವೈದ್ಯರಿಗೆ ತರಬೇತಿ ಕೊಟ್ಟರು. ಯಾರು ಬೇಕಾದರೂ ನೇರ ಫೋನ್ ಮಾಡಬಹುದಾದ ತಂಡವೊಂದನ್ನು ಇಟ್ಟರು. ಮೊದಲು ಸುಮಾರು 26 ವಾರ ಇದ್ದ ಆ ಅವಧಿ 5 ವಾರಕ್ಕೆ ಇಳಿಯಿತು. ಪ್ರಚಾರ ನಿಲ್ಲಿಸಿದ ಮೇಲೆ ಮತ್ತೆ 15 ವಾರಕ್ಕೆ ಏರಿತು. ಜನ ಅವರೇ, ಆಸ್ಪತ್ರೆ ಅದೇ. ಬದಲಾಗಿದ್ದು ಸರ್ಕಾರ ಮಾಡಿದ ಖರ್ಚು ಮತ್ತು ತೋರಿದ ಆಸಕ್ತಿ. ಹತ್ತು ವರ್ಷದ ನಂತರ ನೋಡಿದಾಗ, ಬೇಗ ಪತ್ತೆಯಾದ ಪ್ರದೇಶದಲ್ಲಿ ಚೇತರಿಸಿಕೊಂಡವರ ಪ್ರಮಾಣ ಹೋಲಿಕೆಯ ಪ್ರದೇಶದ ಸುಮಾರು ಎರಡರಷ್ಟಿತ್ತು.

ಸೈಕೋಸಿಸ್ ಇನ್ನೂ ಪೂರ್ತಿ ಕಾಣಿಸಿಕೊಂಡಿರದ, ಅನುಮಾನ ಮತ್ತು ಗೊಂದಲ ಮಾತ್ರ ಬಂದುಹೋಗುವ ಹಂತವೂ ಒಂದಿದೆ. ಮೆಲ್ಬರ್ನ್‌ನ ಪ್ಯಾಟ್ರಿಕ್ ಮೆಕ್‌ಗೋರಿ, ಆಲಿಸನ್ ಯುಂಗ್ ತಂಡ 1990ರ ದಶಕದಲ್ಲಿ ಇದಕ್ಕೆ ಅಳತೆಗೋಲು ರೂಪಿಸಿತು. ಇಲ್ಲಿ ಜಾಗ್ರತೆ ಬೇಕು. ಈ ಹಂತದಲ್ಲಿ ನೆರವು ಕೇಳಿ ಬಂದವರಲ್ಲೂ ಎರಡು ಮೂರು ವರ್ಷದೊಳಗೆ ಸೈಕೋಸಿಸ್‌ಗೆ ಹೋಗುವವರು ಸುಮಾರು ಐದರಲ್ಲಿ ಒಬ್ಬರು. ಹಾಗಾಗಿ ಕಾಲೇಜಿನವರು ಎಲ್ಲರಿಗೂ ಫಾರಂ ಹಂಚಿ 'ಅಪಾಯದವರ' ಪಟ್ಟಿ ಮಾಡೋದನ್ನು ನಾನು ಒಪ್ಪಲ್ಲ. ನಮ್ಮ ಸ್ಟಾಫ್‌ರೂಮುಗಳಲ್ಲಿ ಆ ಪಟ್ಟಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಈ ಹಂತದಲ್ಲಿ ಸೈಕೋಸಿಸ್ ತಡೆಯಲೆಂದು ಮಾತ್ರೆ ಕೊಡಬೇಡಿ ಅಂತ ಬ್ರಿಟನ್ನಿನ ಮಾರ್ಗಸೂಚಿಯೇ ಹೇಳುತ್ತದೆ. ಮಾತಿನ ಚಿಕಿತ್ಸೆ, ಆತಂಕ ಮತ್ತು ಖಿನ್ನತೆಗೆ ಆರೈಕೆ, ನಿದ್ದೆ, ಗಾಂಜಾ ಬಿಡಲು ನೆರವು, ಮನೆಯವರ ಜೊತೆ ಮಾತು: ಇಷ್ಟು ಮೊದಲು. ಇದರಿಂದ ಕಾಯಿಲೆ ಖಂಡಿತ ತಪ್ಪುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಆದರೆ ತಪ್ಪದಿದ್ದರೂ ಆ ಹುಡುಗ ಅಥವಾ ಹುಡುಗಿ ಆಗಲೇ ಒಬ್ಬ ವೈದ್ಯರ ಪರಿಚಯದಲ್ಲಿರುತ್ತಾರೆ. ದಿನವೂ ಗಾಂಜಾ ಸೇದುವುದರಿಂದ ಅಪಾಯ ಹೆಚ್ಚುತ್ತದೆ ಅನ್ನೋದು ನಿಜ. ಅದಕ್ಕೆ ನಮ್ಮ ಕಾಲೇಜುಗಳ ಉತ್ತರ ಮಾತ್ರ ಸಸ್ಪೆನ್ಷನ್.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗ. ಆದರೂ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸೈಕೋಸಿಸ್ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಚಿಕಿತ್ಸೆ ತಲುಪಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅನ್ನುತ್ತದೆ, ಗೌಪ್ಯತೆಯನ್ನೂ ಕೊಡುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ವಿದ್ಯಾರ್ಥಿ ಸಂಘಟನೆಗಳು ಶುಲ್ಕ, ಸ್ಕಾಲರ್‌ಶಿಪ್, ಹಾಸ್ಟೆಲ್ ಊಟದ ಬಗ್ಗೆ ಮನವಿ ಕೊಡುವಾಗ ಇದನ್ನೂ ಸೇರಿಸಬೇಕು: ಚಿಕಿತ್ಸೆಯ ರಜೆಗೆ ಹಾಜರಾತಿ ವಿನಾಯಿತಿ, ವಾಪಸ್ ಬಂದಾಗ ಸೀಟು, ಪ್ರಿನ್ಸಿಪಾಲರಿಗೆ ವರದಿ ಒಪ್ಪಿಸದ ಕೌನ್ಸೆಲರ್.

ರೂಮ್‌ಮೇಟ್‌ಗಳಿಗೆ ಒಂದು ಮಾತು. ಅವರಿಗೆ ಕೇಳಿಸುವ ದನಿಯ ಬಗ್ಗೆ ವಾದಕ್ಕಿಳಿಯಬೇಡಿ, ನಗಬೇಡಿ. 'ಎಷ್ಟು ದಿನದಿಂದ ನಿದ್ದೆ ಇಲ್ಲ?' ಅಂತ ಕೇಳಿ. ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಜೊತೆಗೆ ಹೋಗಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನನ್ನ ಗೆಳೆಯ ಈಗ ಮಾತ್ರೆ ತಗೊಳ್ತಾ ಊರಲ್ಲಿ ಅಂಗಡಿ ನೋಡಿಕೊಳ್ತಿದ್ದಾನೆ. ಮೂರು ಪೇಪರ್ ಬಾಕಿ ಇದೆ. ಹೋದ ತಿಂಗಳು ಫೋನ್ ಮಾಡಿ, 'ಮತ್ತೆ ಪರೀಕ್ಷೆಗೆ ಕೂರೋಕೆ ಬಿಡ್ತಾರಾ, ಕಾಲೇಜಲ್ಲಿ ಸ್ವಲ್ಪ ಕೇಳ್ತೀಯೇನೋ?' ಅಂದ. ಕೇಳಿದ್ದೇನೆ. ಅವಧಿ ಮುಗಿದಿದೆ, ಮೇಲಿನವರನ್ನು ಕೇಳಿ ಹೇಳ್ತೀವಿ ಅಂದಿದ್ದಾರೆ.