ಮಂಡಿ, ಮುಂಗಡ ಮತ್ತು ಮಲೆನಾಡಿನ ಸಾಹಸ ಬಂಡವಾಳ

ಹೊಸ ಉದ್ಯಮವೊಂದು ಲಾಭದ ಮುಖ ಕಾಣುವ ಮೊದಲೇ, ಅಡವಿಡಲು ಕಟ್ಟಡವಾಗಲಿ ಯಂತ್ರವಾಗಲಿ ಇಲ್ಲದ ಸ್ಥಿತಿಯಲ್ಲಿ, ಅದನ್ನು ನಡೆಸುವವರ ಬುದ್ಧಿ ಮತ್ತು ಛಲವನ್ನು ನಂಬಿ ತೊಡಗಿಸುವ ಹಣವನ್ನು ಸಾಹಸ ಬಂಡವಾಳ ಅಥವಾ ವೆಂಚರ್ ಕ್ಯಾಪಿಟಲ್ ಎಂದು ಕರೆಯಲಾಗುತ್ತದೆ. ಸಾಲ ಕೊಟ್ಟವನಿಗೆ ಅಸಲು ಮತ್ತು ಬಡ್ಡಿಯ ಮೇಲೆ ಮಾತ್ರ ಹಕ್ಕಿದ್ದರೆ, ಈ ಬಂಡವಾಳಗಾರನಿಗೆ ಉದ್ಯಮದ ಒಡೆತನದಲ್ಲೇ ಪಾಲಿರುತ್ತದೆ. ಉದ್ಯಮ ಬೆಳೆದರೆ ಪಾಲು ಬೆಳೆಯುತ್ತದೆ, ಮುಳುಗಿದರೆ ಹಾಕಿದ ಹಣ ಮುಳುಗುತ್ತದೆ. ಇದರ ಆಧುನಿಕ ರೂಪಕ್ಕೆ 1946ರಲ್ಲಿ ಬಾಸ್ಟನ್ನಿನಲ್ಲಿ ಜಾರ್ಜ್ ಡೋರಿಯೋ ಮತ್ತು ಸಂಗಡಿಗರು ಕಟ್ಟಿದ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಮೊದಲ ಮಾದರಿಯೆನ್ನುವುದು ವಾಡಿಕೆ. ಆದರೆ ಅದಕ್ಕೂ ನೂರು ವರ್ಷ ಹಿಂದೆ ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ತಿಮಿಂಗಿಲ ಬೇಟೆಯ ಹಡಗುಗಳಿಗೆ ಹಣವಂತರಿಂದ ಪಾಲು ಕೂಡಿಸುತ್ತಿದ್ದ ದಲ್ಲಾಳಿಗಳು ಇದೇ ಕೆಲಸವನ್ನು ಮಾಡುತ್ತಿದ್ದರೆಂದು ಆರ್ಥಿಕ ಇತಿಹಾಸಕಾರರು ತೋರಿಸಿದ್ದಾರೆ. ಹಾಗಿರುವಾಗ ಇದೇ ಪ್ರಶ್ನೆಯನ್ನು ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಸೀಮೆಯ ಬಗ್ಗೆ ಕೇಳುವುದು ಅಸಂಗತವಲ್ಲ: ಫಲ ಬರುವುದಕ್ಕೆ ವರ್ಷಗಟ್ಟಲೆ ಕಾಯಬೇಕಾದ, ಒಂದು ಮಳೆಗಾಲದಲ್ಲಿ ಕೈಬಿಟ್ಟುಹೋಗಬಹುದಾದ ಈ ಬೆಳೆಗೆ ಹಣ ಹಾಕಿದವರು ಯಾರು, ಮತ್ತು ಪ್ರತಿಯಾಗಿ ಅವರು ಪಡೆದದ್ದು ಏನು?

ಅಡಿಕೆ ಸಸಿ ನೆಟ್ಟ ಮೇಲೆ ಮೊದಲ ಕೊನೆ ಕಾಣುವುದಕ್ಕೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬೇಕು. ತೋಟ ಪೂರ್ಣ ಇಳುವರಿಗೆ ಬರುವ ಹೊತ್ತಿಗೆ ಹತ್ತು ವರ್ಷ ದಾಟಿರುತ್ತದೆ. ಅಷ್ಟರಲ್ಲಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಬಸಿಗಾಲುವೆ ತೆಗೆಯಬೇಕು, ಮಣ್ಣು ಹಾಕಿಸಬೇಕು, ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟದಿಂದ, ಅಂದರೆ ಹಸಿರು ಗೊಬ್ಬರಕ್ಕೆಂದು ಬಿಟ್ಟ ಕಾಡಿನ ತುಂಡಿನಿಂದ, ವರ್ಷವರ್ಷವೂ ಸೊಪ್ಪು ಹೊರಿಸಬೇಕು. ಮಧ್ಯಂತರದಲ್ಲಿ ಬಾಳೆ, ಏಲಕ್ಕಿ, ಕಾಳುಮೆಣಸು ಸ್ವಲ್ಪ ಕೈಹಿಡಿಯುತ್ತವೆಯಾದರೂ ತೋಟ ಎಬ್ಬಿಸುವುದೆಂದರೆ ಒಂದು ತಲೆಮಾರಿನ ದುಡಿಮೆಯನ್ನು ಮುಂದಿನ ತಲೆಮಾರಿನ ಹೆಸರಿಗೆ ಬರೆದಂತೆಯೇ. ಇಂದಿನ ಸಾಹಸ ಬಂಡವಾಳ ನಿಧಿಗಳು ಸಾಮಾನ್ಯವಾಗಿ ಹತ್ತು ವರ್ಷಗಳ ಅವಧಿಗೆ ರಚನೆಯಾಗುತ್ತವೆ. ಅಡಿಕೆಯ ಲೆಕ್ಕದಲ್ಲಿ ಅದು ತೋಟ ನೆಟ್ಟಗೆ ನಿಲ್ಲುವ ಹೊತ್ತು ಮಾತ್ರ.

ಈ ಸೀಮೆಗೆ ದೊಡ್ಡ ವ್ಯಾಪಾರ ಹೊಸದಲ್ಲ. ಕೆಳದಿ, ಇಕ್ಕೇರಿ ಮತ್ತು ಬಿದನೂರುಗಳಿಂದ ಆಳಿದ ನಾಯಕರ ಕಾಲದಲ್ಲಿ ಮಲೆನಾಡಿನ ಕಾಳುಮೆಣಸು ಘಟ್ಟ ಇಳಿದು ಕರಾವಳಿಯ ಬಂದರುಗಳ ಮೂಲಕ ಪೋರ್ಚುಗೀಸರ ಕೈ ಸೇರುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಗೋವೆಯ ರಾಯಭಾರಿಯೊಡನೆ ಇಕ್ಕೇರಿಗೆ ಬಂದಾಗ ವೆಂಕಟಪ್ಪ ನಾಯಕನ ಪರವಾಗಿ ಆ ತಂಡದಲ್ಲಿದ್ದವನು ವಿಠಲ ಶೆಣೈ ಎಂಬ ಪ್ರತಿನಿಧಿ, ಮತ್ತು ಆ ಮಾತುಕತೆಯ ವಿಷಯಗಳಲ್ಲಿ ಮೆಣಸಿನ ಖರೀದಿಯೂ ಒಂದಾಗಿತ್ತು. ಮುಂದೆ ಶಿವಪ್ಪ ನಾಯಕ ಜಾರಿಗೆ ತಂದ ‘ಶಿಸ್ತು’, ಅಂದರೆ ಭೂಮಿಯ ಗುಣಮಟ್ಟ ನೋಡಿ ಉತ್ಪನ್ನದ ಸುಮಾರು ಮೂರನೆಯ ಒಂದು ಪಾಲನ್ನು ಕಂದಾಯವಾಗಿ ನಿಗದಿಮಾಡಿದ ವ್ಯವಸ್ಥೆ, ಬೆಳೆಗಾರನಿಗೆ ತಾನು ಕೊಡಬೇಕಾದದ್ದೆಷ್ಟೆಂಬುದನ್ನು ಮೊದಲೇ ತಿಳಿಸಿತು. ಶಿಸ್ತನ್ನು ಆಡಳಿತಗಾರನ ನ್ಯಾಯಬುದ್ಧಿಯ ಗುರುತಾಗಿ ಹೊಗಳುವುದು ರೂಢಿಯಾಗಿದೆ. ಆದರೆ ಕಂದಾಯ ನಿಶ್ಚಿತವಾದ ಊರಿನಲ್ಲಷ್ಟೇ ಮುಂದಿನ ಫಸಲಿನ ಮೇಲೆ ಹಣ ಕೊಡುವ ಧೈರ್ಯ ಹುಟ್ಟೀತೆಂಬುದರಿಂದ ಅದನ್ನು ಬಂಡವಾಳದ ಇತಿಹಾಸದ ಭಾಗವಾಗಿಯೂ ಓದಬೇಕಾಗುತ್ತದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಬಳಿಕ ರಾಜಧಾನಿಯ ವೈಭವ ಕುಗ್ಗಿತು, ಬಿದನೂರಿಗೆ ಬಂದ ‘ನಗರ’ವೆಂಬ ಹೆಸರಷ್ಟೇ ಹೊಸನಗರ ತಾಲ್ಲೂಕಿನಲ್ಲಿ ಉಳಿಯಿತು; ತೋಟಗಳು ಮಾತ್ರ ಇದ್ದಲ್ಲೇ ಇದ್ದವು.

ಬ್ರಿಟಿಷರ ಮತ್ತು ಮೈಸೂರು ಅರಸರ ಆಳ್ವಿಕೆಯಲ್ಲಿ ರಸ್ತೆಗಳು ಸುಧಾರಿಸಿ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದ ಮೇಲೆ, ಅಡಿಕೆಯ ಹಣ ಮಂಡಿಯ ಸುತ್ತ ಸೇರಿತು. ಮಂಡಿಯೆಂದರೆ ಬೆಳೆಗಾರರು ತಂದ ಮಾಲನ್ನು ಇರಿಸಿಕೊಂಡು, ಹೊರನಾಡಿನ ಖರೀದಿದಾರರಿಗೆ ಮಾರಿಸಿಕೊಟ್ಟು, ದಲಾಲಿ ಎಂಬ ಕಮಿಷನ್ ಹಿಡಿದುಕೊಳ್ಳುವ ಅಂಗಡಿ. ಆದರೆ ಮಂಡಿಯ ಸಾವುಕಾರನ ನಿಜವಾದ ಕೆಲಸ ಮಾರಾಟಕ್ಕಿಂತ ಬಹಳ ಮೊದಲೇ, ಮಳೆಗಾಲದಲ್ಲಿ, ಶುರುವಾಗುತ್ತಿತ್ತು. ಕೊಯ್ಲು ಚಳಿಗಾಲದಲ್ಲಿ ಆಗುತ್ತಿದ್ದದ್ದರಿಂದ ಆಷಾಢ ಶ್ರಾವಣದ ಹೊತ್ತಿಗೆ ತೋಟಗಾರನ ಮನೆಯಲ್ಲಿ ಕಾಸು ಮುಗಿದಿರುತ್ತಿತ್ತು. ಆಳಿನ ಕೂಲಿ, ಮನೆಯ ದಿನಸಿ, ಮಗಳ ಮದುವೆ, ಮಗನ ಓದು ಎಲ್ಲಕ್ಕೂ ಮಂಡಿಯಿಂದ ಮುಂಗಡ ಬರುತ್ತಿತ್ತು. ಕಾಗದಪತ್ರ ಅಷ್ಟಕ್ಕಷ್ಟೆ, ಕಿರ್ದಿ ಎಂಬ ದಿನಚರಿ ಪುಸ್ತಕದಲ್ಲಿ ಒಂದು ಸಾಲು, ಖತಾವಣಿಯಲ್ಲಿ ತೋಟಗಾರನ ಹೆಸರಿನ ಪುಟಕ್ಕೆ ಒಂದು ಖರ್ಚು. ಹಣಕ್ಕೆ ಬದಲಾಗಿ ಇದ್ದ ಕರಾರು ಒಂದೇ, ಮತ್ತು ಅದು ಬಹುಮಟ್ಟಿಗೆ ಬಾಯಿಮಾತಿನದು: ಅಡಿಕೆ ತಯಾರಾದಾಗ ಅದು ಬೇರೆ ಮಂಡಿಯ ಮೆಟ್ಟಿಲು ಹತ್ತಬಾರದು.

ಈ ವ್ಯವಹಾರದಲ್ಲಿ ಎಣಿಕೆಯಾಗುತ್ತಿದ್ದದ್ದು ಮುಖ್ಯವಾಗಿ ಮನುಷ್ಯನ ಮೇಲಿನ ಅಂದಾಜು. ತೋಟದ ಮರಗಳ ವಯಸ್ಸು, ನೀರಿನ ಆಸರೆ, ಅಣ್ಣತಮ್ಮಂದಿರ ನಡುವಿನ ಹಿಸ್ಸೆಯ ಜಗಳ, ಯಜಮಾನನ ಇಸ್ಪೀಟಿನ ಚಟ, ಮನೆಯಲ್ಲಿ ದುಡಿಯುವ ಗಂಡುಮಕ್ಕಳ ಸಂಖ್ಯೆ ಇವೆಲ್ಲ ಸಾವುಕಾರನಿಗೆ ಗೊತ್ತಿರಬೇಕಿತ್ತು, ಮತ್ತು ಗೊತ್ತಿರುತ್ತಿತ್ತು. ಆ ತಿಳಿವಳಿಕೆಯನ್ನು ಅವನು ಪಡೆಯುತ್ತಿದ್ದುದು ಒಂದು ನಿರ್ದಿಷ್ಟ ವೃತ್ತಿಜೀವನದ ಮೂಲಕ. ಹುಡುಗನಾಗಿ ಅಂಗಡಿಗೆ ಸೇರಿದವನು ಮೊದಲು ಮೂಟೆ ಎಣಿಸುತ್ತಿದ್ದ, ಆಮೇಲೆ ಗುಮಾಸ್ತನಾಗಿ ಲೆಕ್ಕ ಬರೆಯುತ್ತಿದ್ದ, ಕೈ ಪಳಗಿದ ಮೇಲೆ ಮಾಲು ನೋಡುವವನಾಗುತ್ತಿದ್ದ. ಮಾಲು ನೋಡುವುದೆಂದರೆ ಮೂಟೆಯ ಬಾಯಿ ಬಿಚ್ಚಿ, ಮೇಲಿನದನ್ನು ಸರಿಸಿ ಒಳಗಿನಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉರುಳಿಸಿ, ಒಂದೆರಡನ್ನು ಅಡಕತ್ತರಿಯಲ್ಲಿ ಸೀಳಿ ಒಳಗಿನ ಬಣ್ಣ ಮತ್ತು ಗಟ್ಟಿತನವನ್ನು ಕಣ್ಣಲ್ಲೇ ಅಳೆಯುವುದು. ಎಳೆಯ ಕಾಯಿಯನ್ನು ಬೇಯಿಸಿ ಚೊಗರು, ಅಂದರೆ ಅಡಿಕೆ ಬೆಂದ ಕೆಂಪು ರಸ, ಹದವಾಗಿ ಹಿಡಿಸಿದ ಸರಕು ಅಥವಾ ಹಸ, ಅದಕ್ಕಿಂತ ಬಲಿತ ಬೆಟ್ಟೆ, ರಾಶಿ ಇಡಿ, ಹೆಚ್ಚು ಬಲಿತು ದರ ಇಳಿದ ಗೊರಬಲು, ಸಾಗರದ ಪೇಟೆಯಲ್ಲಿ ಹಣ್ಣಡಿಕೆಯನ್ನು ಬೇಯಿಸದೆ ಒಣಗಿಸಿ ಸುಲಿದ ಚಾಲಿ, ಬಿಳಿಗೋಟು, ಸಿಪ್ಪೆಗೋಟು ಇವುಗಳ ನಡುವಿನ ಗೆರೆ ಪುಸ್ತಕದಲ್ಲಿ ಸಿಗುವಂಥದ್ದಲ್ಲ. ಅದನ್ನು ಕಲಿತ ಗುಮಾಸ್ತನಿಗೆ ಸಾವುಕಾರ ಕೆಲವೊಮ್ಮೆ ಪಾಲು ಕೊಟ್ಟು ಉಳಿಸಿಕೊಳ್ಳುತ್ತಿದ್ದ, ಇಲ್ಲವಾದರೆ ಅವನೇ ಹತ್ತಾರು ತೋಟಗಾರರ ವಿಶ್ವಾಸವನ್ನು ಜೊತೆಗೆ ಕೊಂಡೊಯ್ದು ಬೇರೆ ಮಂಡಿ ತೆರೆಯುತ್ತಿದ್ದ. ಬಂಡವಾಳ ನಿಧಿಗಳಲ್ಲಿ ಕಿರಿಯ ವಿಶ್ಲೇಷಕನಾಗಿ ಸೇರಿ ಪಾಲುದಾರನಾಗುವ ಇಂದಿನ ಹಾದಿಗೂ ಇದಕ್ಕೂ ರಚನೆಯಲ್ಲಿ ಹೆಚ್ಚಿನ ಅಂತರವಿಲ್ಲ.

ಅಂತರವಿರುವುದು ಪ್ರತಿಫಲದ ಸ್ವರೂಪದಲ್ಲಿ. ಸಾವುಕಾರನಿಗೆ ತೋಟದ ಒಡೆತನದಲ್ಲಿ ಪಾಲಿರಲಿಲ್ಲ. ಅವನ ಆದಾಯ ಬಡ್ಡಿಯಿಂದ, ಅದಕ್ಕಿಂತ ಹೆಚ್ಚಾಗಿ ದಲಾಲಿಯಿಂದ, ಹಮಾಲಿ, ತೂಕದ ಕೂಲಿ, ಧರ್ಮದ ಹೆಸರಿನ ವಂತಿಕೆಗಳ ಕಡಿತದಿಂದ ಬರುತ್ತಿತ್ತು. ಹಾಗಾಗಿ ತೋಟ ವಿಸ್ತರಿಸಬೇಕೆಂಬ ಹಂಬಲಕ್ಕಿಂತ ಪ್ರತಿ ವರ್ಷ ಮಾಲು ತನ್ನ ಬಾಗಿಲಿಗೇ ಬರಬೇಕೆಂಬುದು ಅವನಿಗೆ ಮುಖ್ಯವಾಗಿತ್ತು, ಮತ್ತು ಸಾಲ ಪೂರ್ತಿ ತೀರುವುದು ಅವನ ಹಿತಕ್ಕೆ ಅನುಕೂಲವೂ ಆಗಿರಲಿಲ್ಲ. ಫಸಲು ಹೋದಾಗ ಬಾಕಿ ಮುಂದಿನ ವರ್ಷದ ಪುಟಕ್ಕೆ ಏರುತ್ತಿತ್ತೇ ಹೊರತು ಅಳಿಸಿಹೋಗುತ್ತಿರಲಿಲ್ಲ. ನಷ್ಟದ ಹೊರೆಯನ್ನು ಸಾವುಕಾರ ಮುಂದೂಡುತ್ತಿದ್ದ, ಹಂಚಿಕೊಳ್ಳುತ್ತಿರಲಿಲ್ಲ ಎಂಬುದೇ ಅವನನ್ನು ಸಾಹಸ ಬಂಡವಾಳಗಾರನಿಂದ ಬೇರ್ಪಡಿಸುವ ಗುಣ. ಆದರೂ ಬ್ಯಾಂಕು ಕಾಲಿಡದ ಊರಿನಲ್ಲಿ, ನಡು ಮಳೆಗಾಲದಲ್ಲಿ, ಅರ್ಧ ರಾತ್ರಿಗೆ ಬಾಗಿಲು ತಟ್ಟಿದರೂ ಹಣ ಕೊಡುತ್ತಿದ್ದವನು ಅವನೊಬ್ಬನೇ ಎಂಬುದನ್ನು ಮರೆತು ಅವನನ್ನು ಬರಿಯ ಶೋಷಕನೆಂದು ಚಿತ್ರಿಸುವುದು ಸುಲಭದ ಇತಿಹಾಸವಾಗುತ್ತದೆ.

ಫಸಲು ಹೋಗುವ ಭಯ ಕಾಲ್ಪನಿಕವಾಗಿರಲಿಲ್ಲ. ಎಡೆಬಿಡದ ಮಳೆಯಲ್ಲಿ ಎಳೆಗಾಯಿಗಳು ಕೊಳೆತು ಉದುರುವ ಕೊಳೆರೋಗಕ್ಕೆ, ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ಹಳೆಯ ಉಪಾಯ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದ ಮೇಲೆ ಅಪಾಯ ಅಳೆಯಬಹುದಾದ ಮಟ್ಟಕ್ಕೆ ಇಳಿಯಿತು. ಮೂರು ತಾಲ್ಲೂಕುಗಳ ತೋಟಗಳಲ್ಲಿ ಬಂಡವಾಳದ ನಂಬಿಕೆಯನ್ನು ಹೆಚ್ಚಿಸಿದ್ದರಲ್ಲಿ ಯಾವ ಸಾವುಕಾರನಿಗಿಂತಲೂ ಈ ನೀಲಿ ದ್ರಾವಣದ ಪಾತ್ರ ದೊಡ್ಡದೆನ್ನಬಹುದು.

ಮುಂಗಡದ ಈ ಜಾಲದಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಗೇಣಿಗೆ, ಅಂದರೆ ಫಸಲಿನಲ್ಲಿ ನಿಗದಿಯಾದ ಪಾಲು ಕೊಡುವ ಕರಾರಿನ ಮೇಲೆ, ಗದ್ದೆ ಮಾಡುತ್ತಿದ್ದ ಒಕ್ಕಲುಗಳಿಗೆ ನಂಬಿಕೆಯ ಸಾಲ ಸಿಗುತ್ತಿದ್ದುದು ಒಡೆಯನ ಮರ್ಜಿಯ ಮೇಲೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳತನದಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹ ಗೇಣಿ ಅಳೆಯುವ ಕೊಳಗದ ಗಾತ್ರದಂಥ ಪ್ರಶ್ನೆಯಿಂದ ಮೊದಲಾಗಿ, ಭೂಮಿಯ ಒಡೆತನದ ಪ್ರಶ್ನೆಯಾಗಿ ಬೆಳೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಮೇಲೆ, ಹಿಂದೆ ಖತಾವಣಿಯಲ್ಲಿ ಹೆಸರೇ ಇರದಿದ್ದ ಮನೆಗಳೂ ಅಡಿಕೆ ನೆಡಲಾರಂಭಿಸಿದವು.

ಅಷ್ಟರಲ್ಲಿ ಮಂಡಿಗೆ ಎದುರಾಗಿ ಇನ್ನೊಂದು ಸಂಸ್ಥೆ ಬೇರೂರಿತ್ತು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಸಹಕಾರ ಸಂಘಗಳ ಕಾನೂನು ಬಂದಿತ್ತು. ನೆರೆಯ ಶಿರಸಿಯಲ್ಲಿ 1923ರಲ್ಲೇ ತೋಟಗಾರರ ಮಾರಾಟ ಸಂಘ ಹುಟ್ಟಿತ್ತು. ಶಿವಮೊಗ್ಗೆಯಲ್ಲಿ 1939ರಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ಜನರ ಬಾಯಲ್ಲಿ ಮಾಮ್‌ಕೋಸ್, ಸ್ಥಾಪನೆಯಾಗಿ ಮುಂದೆ ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೂ ಶಾಖೆಗಳನ್ನು ಚಾಚಿತು. ಸಾಗರದಲ್ಲಿ ಆಪ್ಸ್‌ಕೋಸ್ ಎಂಬ ಅಡಿಕೆ ಸಹಕಾರ ಸಂಘ ಬಂತು, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಮಂಗಳೂರಿನ ಕ್ಯಾಂಪ್ಕೊ ಹುಟ್ಟಿತು. ಸಂಘಗಳು ಮಂಡಿಯ ವಿಧಾನವನ್ನು ಕಿತ್ತೆಸೆಯಲಿಲ್ಲ. ಮುಂಗಡ ಕೊಡುವುದು, ಮಾಲು ಹಾಕಿಸಿಕೊಳ್ಳುವುದು, ಟೆಂಡರಿನಲ್ಲಿ ಖರೀದಿದಾರರು ಚೀಟಿಯಲ್ಲಿ ಬರೆದ ದರಗಳನ್ನು ಬಿಚ್ಚಿ ಹೆಚ್ಚಿನದಕ್ಕೆ ಬಿಡುವುದು ಎಲ್ಲವೂ ಮುಂದುವರಿದವು. ಬದಲಾದದ್ದು ಲಾಭದ ದಾರಿ: ದಲಾಲಿಯಿಂದ ಉಳಿದದ್ದು ಷೇರುದಾರನಾದ ಬೆಳೆಗಾರನಿಗೇ ಡಿವಿಡೆಂಡ್ ಆಗಿ, ರಿಯಾಯಿತಿಯಾಗಿ ಮರಳಿತು. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು ಖಾಸಗಿ ಮಂಡಿಗಳನ್ನೂ ಲೈಸೆನ್ಸು ಮತ್ತು ತೂಕದ ತಪಾಸಣೆಯ ಅಡಿಗೆ ತಂದಿತು. ಸಾವುಕಾರ ಮಾಯವಾಗಲಿಲ್ಲ, ಆದರೆ ಅವನು ಏಕೈಕನಾಗಿ ಉಳಿಯಲಿಲ್ಲ.

ಸಹಕಾರದ ಈ ಗೆಲುವಿಗೆ ಒಂದು ಮಿತಿಯಿತ್ತು, ಮತ್ತು ಅದು ಮಂಡಿಯಿಂದ ಬಳುವಳಿಯಾಗಿ ಬಂದದ್ದು. ಸಂಘದ ಹಣ ಬೆಳೆಯ ಸುತ್ತ ಸುತ್ತುತ್ತಿತ್ತು. ಅಡಿಕೆ ಬಿಟ್ಟು ಬೇರೆ ಏನನ್ನಾದರೂ ಕಟ್ಟಬೇಕೆನ್ನುವ ಹುಡುಗನಿಗೆ ಅದರಲ್ಲಿ ಖಾತೆಯೇ ಇರಲಿಲ್ಲ. ವಿಚಿತ್ರವೆಂದರೆ ಈ ಸೀಮೆಯಲ್ಲಿ ಫಲದ ಖಾತ್ರಿಯಿಲ್ಲದ ಹೂಡಿಕೆಯ ಅತ್ಯುತ್ತಮ ಉದಾಹರಣೆ ವ್ಯಾಪಾರದ್ದಲ್ಲ, ರಂಗಭೂಮಿಯದು. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಎಂಬ ರಂಗಸಂಸ್ಥೆಗೆ ಆಸರೆಯಾದದ್ದು ಅಡಿಕೆ ತೋಟಗಳ ನಡುವಿನ ಊರು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಸ್ವತಃ ತೋಟಗಾರರ ಮನೆತನದವರು. 1980ರ ದಶಕದಲ್ಲಿ ಅದರ ಜನಸ್ಪಂದನ ಯೋಜನೆಗೆ ಫೋರ್ಡ್ ಫೌಂಡೇಷನ್ ನೆರವು ದೊರೆಯಿತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅದೇ ಹೆಗ್ಗೋಡಿನ ಮಗ್ಗುಲಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಕಟ್ಟಿದ ಚರಕ, ಹೆಣ್ಣುಮಕ್ಕಳ ಕೈಮಗ್ಗ ಸಹಕಾರ ಸಂಘವಾಗಿ ನಿಂತಿತು.

ಈ ನಡುವೆ ಹಣದ ಮಾರುಕಟ್ಟೆ ಬೆಂಗಳೂರಿನಲ್ಲಿ ಬೇರೆಯೇ ರೂಪ ತಳೆಯುತ್ತಿತ್ತು. ಐಸಿಐಸಿಐ ಮತ್ತು ಯುಟಿಐ ಸೇರಿ 1988ರಲ್ಲಿ ಕಟ್ಟಿದ ಟಿಡಿಐಸಿಐ ದೇಶದ ಮೊದಲ ಸಾಹಸ ಬಂಡವಾಳ ಸಂಸ್ಥೆಗಳಲ್ಲಿ ಒಂದಾಗಿ ಬೆಂಗಳೂರನ್ನೇ ನೆಲೆಯಾಗಿಸಿಕೊಂಡಿತು. ರಾಜ್ಯ ಸರ್ಕಾರ 2015ರಲ್ಲಿ ನವೋದ್ಯಮಗಳಿಗೆಂದೇ ನೀತಿ ಪ್ರಕಟಿಸಿತು. ಇತ್ತ ಗುಟ್ಕಾ ಉದ್ಯಮದಿಂದ 1990ರ ದಶಕದಲ್ಲಿ ಏರಿದ ಅಡಿಕೆಯ ಧಾರಣೆ ಮಲೆನಾಡಿನ ಮಕ್ಕಳನ್ನು ಎಂಜಿನಿಯರಿಂಗ್ ಕಾಲೇಜುಗಳಿಗೆ ಕಳಿಸಿತು. 2000ದ ಸುಮಾರಿಗೆ ಧಾರಣೆ ಕುಸಿದದ್ದು ಅವರು ಊರಿಗೆ ಮರಳದಂತೆ ಮಾಡಿತು. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು, 2013ರಲ್ಲಿ ಕರ್ನಾಟಕ ಗುಟ್ಕಾವನ್ನು ನಿಷೇಧಿಸಿತು, ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ತೀರ್ಥಹಳ್ಳಿ ಹೊಸನಗರಗಳ ತೋಟಗಳನ್ನು ಕಾಡುತ್ತಿದೆ. ಒಂದೇ ಬೆಳೆಯನ್ನು ನಂಬಿದ ಸೀಮೆಗೆ ಬೇರೆ ಉದ್ಯಮ ಬೇಕೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಿಲ್ಲ. ಅಡಿಕೆಯಿಂದಲೇ ಚಹಾ ತಯಾರಿಸಿದ ತೀರ್ಥಹಳ್ಳಿ ತಾಲ್ಲೂಕಿನ ಪ್ರಯತ್ನ, ಅಡಿಕೆ ಹಾಳೆಯ ತಟ್ಟೆ ಒತ್ತುವ ಸಣ್ಣ ಘಟಕಗಳು ಈ ದಿಕ್ಕಿನವು.

ಮಂಡಿ ಫಸಲಿಗೆ ಹಣ ಕೊಟ್ಟಿತು, ಸಹಕಾರ ಸಂಘ ಬೆಳೆಗಾರನಿಗೆ ಹಣ ಕೊಟ್ಟಿತು. ಹೊಸ ಉದ್ಯಮ ಕಟ್ಟುವವನ ಸೋಲಿನಲ್ಲೂ ಪಾಲುದಾರನಾಗಬಲ್ಲ ಹಣವನ್ನು ಈ ಮೂರು ತಾಲ್ಲೂಕುಗಳ ಪೇಟೆ ಇನ್ನೂ ಹುಟ್ಟಿಸಿಲ್ಲ. ಸದಸ್ಯರ ಠೇವಣಿಯನ್ನು ಅಪಾಯಕ್ಕೊಡ್ಡದೆ, ಲಾಭದ ಒಂದು ಸಣ್ಣ ಭಾಗವನ್ನು ಇಂಥ ನಿಧಿಗೆ ತೆಗೆದಿಡುವ ನಿರ್ಣಯವನ್ನು ಅಡಿಕೆ ಸಂಘಗಳು ತಮ್ಮ ವಾರ್ಷಿಕ ಮಹಾಸಭೆಯಲ್ಲೇ ಚರ್ಚೆಗೆ ತರಬಹುದು.