ಕಂಸಾಳೆ: ಲೋಹದ ಹೆಸರು ಕಲೆಯ ಹೆಸರಾದ ಬಗೆ

ಕಂಸಾಳೆಯು ಮಲೆಯ ಮಹದೇಶ್ವರನ ಭಕ್ತರಾದ ದೇವರಗುಡ್ಡರು ನುಡಿಸುವ ಕಂಚಿನ ವಾದ್ಯ. ಮಹದೇಶ್ವರ ಬೆಟ್ಟವಿರುವ ಹನೂರು ತಾಲ್ಲೂಕು, ನೆರೆಯ ಕೊಳ್ಳೇಗಾಲ ಹಾಗೂ ಯಳಂದೂರು ಸೀಮೆಗಳಲ್ಲದೆ ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿಯೂ ಇದು ಬಳಕೆಯಲ್ಲಿದೆ. ಇಂದು ಈ ಹೆಸರು ವಾದ್ಯವನ್ನು ಮಾತ್ರವಲ್ಲದೆ ಅದರೊಡನೆ ನಡೆಯುವ ಕುಣಿತವನ್ನೂ ಸೂಚಿಸುತ್ತದೆ. ಮೈಸೂರಿನ ಕಂಸಾಳೆ ಮಹದೇವಯ್ಯನವರಂತೆ ಕಲಾವಿದರ ಹೆಸರಿನ ಭಾಗವೂ ಆಗಿದೆ.

ರಚನೆ

ಕಂಸಾಳೆಯಲ್ಲಿ ಎರಡು ಭಾಗಗಳಿವೆ. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನ ಆಕಾರದ್ದು. ಬಲಗೈಯದು ಚಪ್ಪಟೆಯಾದ ತಾಳ. ಈ ತಾಳದ ನಡುವಿನಿಂದ ಹೊರಟ ಉದ್ದನೆಯ ದಾರಕ್ಕೆ ಗೊಂಡೆ ಕಟ್ಟಿರುತ್ತದೆ. ತಾಳವನ್ನು ಬಟ್ಟಲಿಗೆ ತಾಗಿಸಿದಾಗ ನಾದ ಹೊಮ್ಮುತ್ತದೆ.

ಹೆಸರಿನ ಮೂಲ

ಸಂಸ್ಕೃತದಲ್ಲಿ 'ಕಾಂಸ್ಯ'ವೆಂದರೆ ಕಂಚು. 13ನೇ ಶತಮಾನದ ಶಾರ್ಙ್ಗದೇವನ 'ಸಂಗೀತ ರತ್ನಾಕರ'ವು ಘನವಾದ್ಯಗಳ ಸಾಲಿನಲ್ಲಿ 'ಕಾಂಸ್ಯತಾಳ'ವನ್ನು ಹೆಸರಿಸುತ್ತದೆ. ಕಂಸಾಳೆ ಎಂಬ ಪದವನ್ನು ಹೀಗೆ ಕಂಚಿನ ತಾಳ ಎಂಬ ಅರ್ಥದಲ್ಲಿ ವಿವರಿಸುವುದು ವಾಡಿಕೆ. ಆಡುಮಾತಿನಲ್ಲಿ 'ಕೈಸಾಳೆ' ಎಂಬ ರೂಪವೂ ಇದೆ. ಅಲ್ಲಿ ಲೋಹದ ನೆನಪು ಹಿಂದೆ ಸರಿದು, ನುಡಿಸುವ ಕೈ ಮುಂದೆ ಬಂದಂತೆ ಕೇಳಿಸುತ್ತದೆ. ದಾರ ಹಿಡಿದು ತಾಳವನ್ನು ಬೀಸುತ್ತಾ ಬಟ್ಟಲಿಗೆ ಹೊಡೆಯುವ ಕುಣಿತಕ್ಕೆ 'ಬೀಸು ಕಂಸಾಳೆ' ಎಂಬ ಹೆಸರು ಆ ಕ್ರಿಯೆಯಿಂದಲೇ ಬಂದಿದೆ.

ಹವಾಯಿಯ ಹೋಲಿಕೆ

ಲೋಹದಿಂದ ಹೆಸರು ಪಡೆದ ವಾದ್ಯಗಳು ಹೊರನಾಡುಗಳಲ್ಲಿಯೂ ಉಂಟು. 'ಸ್ಟೀಲ್ ಗಿಟಾರ್' ಎಂದಾಗ ವಾದ್ಯದ ಒಡಲೋ ತಂತಿಯೋ ಉಕ್ಕಿನದೆಂದು ಭಾವಿಸುವವರು ಹಲವರು. ವಾಸ್ತವವಾಗಿ, ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡಿನಿಂದ ಆ ಹೆಸರು ಬಂದಿದೆ. ಹವಾಯಿಯ ಜೋಸೆಫ್ ಕೆಕುಕು ವಿದ್ಯಾರ್ಥಿಯಾಗಿದ್ದಾಗ, 1889ರ ಸುಮಾರಿಗೆ, ಈ ವಿಧಾನವನ್ನು ರೂಢಿಸಿದನೆಂಬುದು ಪ್ರಚಲಿತ ಅಭಿಪ್ರಾಯ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಹವಾಯಿಯ ಸಂಗೀತಕ್ಕೆ ಅಮೆರಿಕದಲ್ಲಿ ಭಾರಿ ಜನಪ್ರಿಯತೆ ದೊರೆಯಿತು. ಹೊರಗಿನವರು ಊರಿನಿಂದ ಗುರುತಿಸಿ ಅದನ್ನು 'ಹವಾಯಿಯನ್ ಗಿಟಾರ್' ಎಂದರು. ಹವಾಯಿಯ ಜನರಿಗಾದರೋ ಅದು 'ಕೀಕಾ ಕಿಲಾ'. ಗಿಟಾರ್, ಸ್ಟೀಲ್ ಎಂಬ ಪದಗಳೇ ಅವರ ನುಡಿಯಲ್ಲಿ ಈ ರೂಪ ತಾಳಿವೆ. ದೂರದವರು ನೆಲವನ್ನು ಹೆಸರಿಸಿದರೆ, ನುಡಿಸುವವರು ಕೈಯಲ್ಲಿನ ಲೋಹವನ್ನು ಹೆಸರಿಸಿದರು.

ನೆರೆಯ ಹೆಸರುಗಳು

ಇದೇ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರಿಗೆ ತಂಬೂರಿಯವರು ಎಂಬ ಹೆಸರೂ ಇದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 'ಗೊರುಕನ'ಕ್ಕಾದರೋ ಹಾಡಿನ ಪಲ್ಲವಿಯೇ ಹೆಸರು.

ಹೆಸರು ಮರೆಸುವ ಸಂಗತಿ

ಹೆಸರು ವಾದ್ಯದ ಒಂದು ಅಂಶವನ್ನು ಎತ್ತಿ ತೋರಿ ಉಳಿದವನ್ನು ಮರೆಸುವುದುಂಟು. ಮೈಸೂರು ದಸರಾ ಮೆರವಣಿಗೆಯಲ್ಲಿ ಬೀಸು ಕಂಸಾಳೆಯನ್ನು ನೋಡಿದ ನಗರವಾಸಿಗೆ ಕಂಸಾಳೆಯೆಂದರೆ ಕೆಲವು ನಿಮಿಷಗಳ ಚುರುಕಿನ ಕುಣಿತ. ಆದರೆ ದೇವರಗುಡ್ಡರ ಪಾಲಿಗೆ ಅದು ದೀಕ್ಷೆಯ ಗುರುತು, ಭಿಕ್ಷೆಗೆ ಹೊರಟಾಗಿನ ಸಂಗಾತಿ. ಎಲ್ಲಕ್ಕಿಂತ ಮಿಗಿಲಾಗಿ ಕಥನಗಾಯನಕ್ಕೆ ಆಧಾರ. ಸಂಕಮ್ಮನ ಸಾಲು, ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು ಮೊದಲಾದ 'ಸಾಲು'ಗಳಾಗಿ ಹಬ್ಬಿರುವ ಮಹದೇಶ್ವರ ಕಾವ್ಯವನ್ನು ರಾತ್ರಿಯಿಡೀ ಹಾಡುವಾಗ ಈ ಬಟ್ಟಲಿನ ನಾದವೇ ಲಯವನ್ನು ಕಾಯುತ್ತದೆ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ 'ಮಲೆಯ ಮಾದೇಶ್ವರ'ದಿಂದ ಆ ಕಾವ್ಯದ ವಿಸ್ತಾರ ಓದುಗರಿಗೆ ಪರಿಚಯವಾಯಿತು.

ಕುಣಿತವನ್ನು ಕೆಲವು ತಿಂಗಳುಗಳಲ್ಲಿ ಕಲಿಯಬಹುದು. ಸಾಲುಗಳನ್ನು ಕಂಠಸ್ಥ ಮಾಡಲು ವರ್ಷಗಳೇ ಬೇಕು. ಕಲೆಯನ್ನು ಉಳಿಸುವುದೆಂದರೆ ಕುಣಿತದೊಡನೆ ಆ ಹಾಡುಗಾರಿಕೆಯನ್ನೂ ಉಳಿಸುವುದು. ಇಲ್ಲವಾದರೆ ಕಂಸಾಳೆ ಎಂಬ ಪದದಲ್ಲಿ ಕಂಚು ಮಾತ್ರ ಉಳಿದು, ಕಥೆ ಕಳೆದುಹೋದೀತು.