ಆಪರೇಷನ್ನಿಗೆ ಮೊದಲು ಹೃದಯದ ಲೆಕ್ಕ

ಹರ್ನಿಯಾ, ಗರ್ಭಕೋಶ, ಮುರಿದ ತೊಡೆಯೆಲುಬು ಎಂದು ಅಕ್ಕಲಕೋಟೆ ಸೀಮೆಯಿಂದ ಸೊಲ್ಲಾಪುರದ ದವಾಖಾನೆಗಳಿಗೆ ಬರುವವರ ಕಿವಿಗೆ ಬೀಳುವ ಮಾತೊಂದಿದೆ: ‘ಮೊದಲ ಫಿಟ್ನೆಸ್ ತಗೊಂಡ್ ಬರ್ರಿ.’ ಇಸಿಜಿ ಆಗುತ್ತದೆ, ವಯಸ್ಸಾದವರಿದ್ದರೆ ಟೂ-ಡಿ ಎಕೋ ಕೂಡ. ಫಿಜಿಷಿಯನ್ ಸಹಿ ಬಿದ್ದ ಚೀಟಿ ಕೈಗೆ ಸಿಕ್ಕರೆ ಹೃದಯದ ಚಿಂತೆ ಮುಗಿಯಿತೆಂದೇ ಮನೆಯವರು ತಿಳಿಯುತ್ತಾರೆ. ಆದರೆ ಸುಮಾರು ಐವತ್ತು ವರ್ಷಗಳ ಸಂಶೋಧನೆಯನ್ನು ನೋಡುತ್ತ ಬಂದರೆ, ಗಮನವೆಲ್ಲ ಮೆಲ್ಲಗೆ ಆಪರೇಷನ್ನಿನ ಮುಂಚಿನಿಂದ ಆಪರೇಷನ್ನಿನ ಆಚೆಗೆ ಸರಿದದ್ದು ಕಾಣುತ್ತದೆ.

ಈ ಲೆಕ್ಕ ಶುರುವಾದದ್ದು ಬೋಸ್ಟನ್ನಿನಲ್ಲಿ. 1977ರಲ್ಲಿ ಲೀ ಗೋಲ್ಡ್‌ಮನ್ ಮತ್ತು ಸಂಗಡಿಗರು ನಲವತ್ತು ದಾಟಿದ 1001 ರೋಗಿಗಳನ್ನು ನೋಡಿ ಒಂಬತ್ತು ಅಪಾಯಗಳಿಗೆ ಅಂಕ ಕೊಟ್ಟರು. ಆರು ತಿಂಗಳೊಳಗೆ ಆದ ಹೃದಯಾಘಾತ, ಎಪ್ಪತ್ತು ದಾಟಿದ ವಯಸ್ಸು ಅದರಲ್ಲಿದ್ದವು. 1999ರಲ್ಲಿ ಥಾಮಸ್ ಲೀ ತಂಡ ಅದನ್ನು ಆರಕ್ಕಿಳಿಸಿತು: ದೊಡ್ಡ ಆಪರೇಷನ್, ಹೃದಯದ ರಕ್ತನಾಳದ ಕಾಯಿಲೆ, ಹಾರ್ಟ್ ಫೇಲ್ಯೂರ್, ಹಿಂದೆ ಬಡಿದ ಲಕ್ವ, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಮೂತ್ರಪಿಂಡ ಸೋತದ್ದನ್ನು ತೋರುವ 2 ದಾಟಿದ ಕ್ರಿಯಾಟಿನಿನ್. ಕಾಗದವಿಲ್ಲದೆ ಬಾಯಲ್ಲೇ ಎಣಿಸಬಹುದಾದ ಪಟ್ಟಿ, ಇಂದಿಗೂ ನಡೆಯುತ್ತಿದೆ. ಆದರೆ ಅದು ಐವತ್ತು ದಾಟಿದ ಅಮೆರಿಕದ ರೋಗಿಗಳಿಂದ ಬಂದದ್ದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ. ಮಿಶ್ರಿ ತಿಕ್ಕುವ ಅಜ್ಜಿಯ ತಂಬಾಕಿಗೆ ಆ ಪಟ್ಟಿಯಲ್ಲಿ ಅಂಕವಿಲ್ಲ. ಚಿಕ್ಕಂದಿನ ಕೀಲುಜ್ವರದಿಂದ ವಾಲ್ವ್ ಕೆಟ್ಟ ಮೂವತ್ತರ ಹೆಣ್ಣುಮಗಳಿಗೂ ಇಲ್ಲ. ಆಕೆಗೆ ಎಕೋ ನಿಜವಾಗಿ ಬೇಕು.

ಅಪಾಯ ಎಣಿಸಿದ್ದಾಯಿತು, ಇಳಿಸುವುದು ಹೇಗೆ? ಇಲ್ಲಿಯ ಕಥೆ ಕಹಿಯಾದದ್ದು. ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಕೊಟ್ಟರೆ ಹೃದಯಕ್ಕೆ ದಣಿವು ಕಡಿಮೆ ಎಂಬುದು ತರ್ಕ. 1996ರಲ್ಲಿ ಅಟೆನೊಲಾಲ್, 1999ರಲ್ಲಿ ನೆದರ್ಲೆಂಡ್ಸಿನ ಬಿಸೊಪ್ರೊಲಾಲ್ ಅಧ್ಯಯನಗಳು ಭಾರೀ ಲಾಭ ತೋರಿದವು. ಎರಡನೆಯದರಲ್ಲಿ ಇದ್ದವರು ಬರೀ 112 ಮಂದಿ. ಅಷ್ಟರ ಮೇಲೆ ಮಾರ್ಗಸೂಚಿಗಳೇ ಬರೆಯಲ್ಪಟ್ಟವು.

2008ರಲ್ಲಿ ಪಾಯ್ಸ್ ಅಧ್ಯಯನ ಬಂತು. 23 ದೇಶಗಳ 8351 ರೋಗಿಗಳು. ಭಾರತದ ಕಡೆಯಿಂದ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಅದರಲ್ಲಿದ್ದರು. ಆಪರೇಷನ್ನಿಗೆ ಕೆಲವೇ ಗಂಟೆ ಮುಂಚೆ ಅದೇ ಗುಂಪಿನ ಮೆಟೊಪ್ರೊಲಾಲ್ ಶುರುಮಾಡಿದವರಲ್ಲಿ ಹೃದಯಾಘಾತ ಶೇ. 5.7ರಿಂದ 4.2ಕ್ಕೆ ಇಳಿಯಿತು. ಆದರೆ ಸಾವು ಶೇ. 2.3ರಿಂದ 3.1ಕ್ಕೆ ಏರಿತು, ಲಕ್ವ ಇಮ್ಮಡಿಯಾಯಿತು. ರಕ್ತ ಹೋದಾಗ, ನಂಜೇರಿದಾಗ ಹೃದಯ ಜೋರಾಗಿ ಬಡಿಯಲೇಬೇಕು. ಮಾತ್ರೆ ಅದನ್ನು ಕಟ್ಟಿಹಾಕಿತ್ತು, ಬಿಪಿ ಕುಸಿದಿತ್ತು. ಡಚ್ ಅಧ್ಯಯನಗಳ ಮುಖ್ಯಸ್ಥ ಡಾನ್ ಪೋಲ್ಡರ್‌ಮನ್ಸ್ ಅವರನ್ನು 2011ರಲ್ಲಿ ಎರಾಸ್ಮಸ್ ವೈದ್ಯಕೀಯ ಕೇಂದ್ರವು ಸಂಶೋಧನಾ ಅಕ್ರಮದ ಕಾರಣಕ್ಕೆ ಕೆಲಸದಿಂದ ತೆಗೆಯಿತು. ಈಗ ಉಳಿದಿರುವ ನಿಯಮ ಇಷ್ಟು: ದಿನಾ ನುಂಗುವವರು ಬಿಡಬಾರದು, ನುಂಗದವರಿಗೆ ಆ ದಿನ ಶುರುಮಾಡಬಾರದು. ‘ನೀರೂ ಕುಡೀಬ್ಯಾಡ್ರಿ’ ಎಂದದ್ದನ್ನು ಕೇಳಿ ಬೆಳಗಿನ ಆ ಮಾತ್ರೆಯನ್ನೂ ಬಿಟ್ಟು ಬರುವವರು ನಮ್ಮಲ್ಲಿ ಬಹಳ. ಯಾವುದನ್ನು ಒಂದು ಗುಟುಕು ನೀರಲ್ಲಿ ನುಂಗಬೇಕು, ಯಾವುದನ್ನು ಬಿಡಬೇಕು ಎಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು.

ಉಳಿದ ಉಪಾಯಗಳೂ ಒಂದೊಂದಾಗಿ ಬಿದ್ದವು. ರಕ್ತನಾಳದ ದೊಡ್ಡ ಆಪರೇಷನ್ನಿಗೆ ಮುನ್ನ ಬೈಪಾಸ್ ಇಲ್ಲವೇ ಆಂಜಿಯೋಪ್ಲಾಸ್ಟಿ ಮಾಡಿಸಿದರೂ ಆಯುಷ್ಯ ಹೆಚ್ಚಲಿಲ್ಲ ಎಂದು 2004ರಲ್ಲಿ ತಿಳಿಯಿತು. 2014ರಲ್ಲಿ ಆಸ್ಪಿರಿನ್ ಸರದಿ: ಹೃದಯಾಘಾತ ತಗ್ಗಲಿಲ್ಲ, ರಕ್ತಸ್ರಾವ ಹೆಚ್ಚಿತು. (ಸ್ಟೆಂಟ್ ಹಾಕಿಸಿಕೊಂಡವರ ಮಾತು ಬೇರೆ, ಅವರು ತಾವಾಗಿ ಆಸ್ಪಿರಿನ್ ನಿಲ್ಲಿಸಬಾರದು.) ‘ಎರಡು ಮಹಡಿ ಹತ್ತತೀರೇನು?’ ಎಂಬ ಹಳೆಯ ಪ್ರಶ್ನೆ ಕೇಳಿ ವೈದ್ಯರು ಕಟ್ಟುವ ಅಂದಾಜು ನೆಚ್ಚುವಂಥದ್ದಲ್ಲ ಎಂದು 2018ರ ಅಧ್ಯಯನ ತೋರಿಸಿತು. ದಿನದ ಕೆಲಸಗಳನ್ನು ಒಂದೊಂದಾಗಿ ಕೇಳುವ ಪ್ರಶ್ನಾವಳಿ ಅದಕ್ಕಿಂತ ಮೇಲು. ಮಾಳಿಗೆಯೇ ಇಲ್ಲದ ಮನೆಯ ಮುದುಕಿಗೆ ಮಹಡಿ ಲೆಕ್ಕ ಹೇಗೆ ಗೊತ್ತಾದೀತು? ತುಂಬಿದ ಕೊಡ ಹೊತ್ತು ಬಾವಿಯಿಂದ ಮನೆವರೆಗೆ ನಿಲ್ಲದೆ ಬರುತ್ತಾಳೋ ಎಂದು ಕೇಳುವುದು ವಾಸಿ.

ದಿಕ್ಕು ಬದಲಿಸಿದ್ದು ವಿಷನ್ ಅಧ್ಯಯನ. 45 ದಾಟಿದ ಸುಮಾರು ಹದಿನೈದು ಸಾವಿರ ಮಂದಿಗೆ ಆಪರೇಷನ್ ಆದ ಸಂಜೆ ಮತ್ತು ಮುಂದಿನ ಮೂರು ದಿನ ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಅಂಶ) ಪರೀಕ್ಷೆ ಮಾಡಿದರು. ಶೇ. 8ರಷ್ಟು ಜನರ ಹೃದಯಕ್ಕೆ ಪೆಟ್ಟಾಗಿತ್ತು. ಅವರಲ್ಲಿ ಶೇ. 84 ಮಂದಿಗೆ ಎದೆನೋವಿನಂಥ ಲಕ್ಷಣವೇ ಇರಲಿಲ್ಲ; ನೋವಿನ ಇಂಜೆಕ್ಷನ್ ಮಂಪರಿನಲ್ಲಿ ಇದ್ದೀತಾದರೂ ಹೇಗೆ? ತಿಂಗಳೊಳಗೆ ತೀರಿಕೊಂಡವರು ಪೆಟ್ಟಾದವರಲ್ಲಿ ಶೇ. 9.8, ಆಗದವರಲ್ಲಿ ಶೇ. 1.1.

2017ರ ಕೆನಡಾ ಮಾರ್ಗಸೂಚಿ, 2022ರ ಯುರೋಪಿನದು, ಎರಡೂ ಹೆಚ್ಚು ಅಪಾಯದವರಿಗೆ ಈ ಪರೀಕ್ಷೆ ಹೇಳುತ್ತವೆ. ಅಮೆರಿಕದವರು ಇನ್ನೂ ಅರೆಮನಸ್ಸಿನಲ್ಲಿದ್ದಾರೆ, ಸಿಕ್ಕಿದ ಪೆಟ್ಟಿಗೆ ಮದ್ದು ಏನೆಂಬುದು ಪೂರ್ತಿ ಇತ್ಯರ್ಥವಾಗಿಲ್ಲವೆಂದು. ಪೆಟ್ಟು ಕಂಡುಬಂದವರಿಗೆ ಆಸ್ಪಿರಿನ್ ಮತ್ತು ಸ್ಟ್ಯಾಟಿನ್ ಕೊಡುವುದು ರೂಢಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಡಾಬಿಗಟ್ರಾನ್ ಕೊಂಚ ಸಹಾಯ ಮಾಡೀತೆಂದು 2018ರ ಮ್ಯಾನೇಜ್ ಅಧ್ಯಯನ ಹೇಳಿದೆ. ನನ್ನ ಮಟ್ಟಿಗೆ, ತೊಡೆಯೆಲುಬು ಮುರಿದು ಮಲಗಿದ ಎಪ್ಪತ್ತರ ಸಕ್ಕರೆ ರೋಗಿಯನ್ನು ಎಕೋ ಸರದಿಗೆಂದು ಎರಡು ದಿನ ಕಾಯಿಸುವುದಕ್ಕಿಂತ ಬೇಗ ಆಪರೇಷನ್ ಮಾಡಿ, ಅದೇ ದುಡ್ಡನ್ನು ಆಮೇಲಿನ ಟ್ರೋಪೋನಿನ್‌ಗೆ ಹಾಕುವುದು ಲೇಸು.